ಅಮ್ಮನಿಗೆ 78 ವರ್ಷ, ಹೃದಯದ ತೊಂದರೆ ಇದೆ. ಮಂಡಿ ಬದಲಾವಣೆಗೆ ಯಾವ ಅರಿವಳಿಕೆ ಒಳ್ಳೆಯದು?

ಹೆಚ್ಚಿನವರಿಗೆ ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್ನೇ ಮೊದಲ ಆಯ್ಕೆ. ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತದೆ, ಉಸಿರಾಟ ತನ್ನ ಪಾಡಿಗೆ ನಡೆಯುತ್ತದೆ, ಗಂಟಲಿಗೆ ಟ್ಯೂಬ್ ಬೇಕಿಲ್ಲ. ಶ್ವಾಸಕೋಶ ದುರ್ಬಲವಾಗಿದ್ದರೆ ಇದು ದೊಡ್ಡ ಅನುಕೂಲ.

ಆದರೆ ಹೃದಯದ್ದು ಯಾವ ತೊಂದರೆ ಅನ್ನೋದು ಮುಖ್ಯ. ಸ್ಪೈನಲ್ ಕೊಟ್ಟಾಗ ಕಾಲಿನ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. ಆರೋಗ್ಯವಂತ ಹೃದಯ ಜಾಸ್ತಿ ರಕ್ತ ತಳ್ಳಿ ಸರಿದೂಗಿಸುತ್ತದೆ. ಅಯೋರ್ಟಿಕ್ ಕವಾಟ (ಹೃದಯದಿಂದ ರಕ್ತ ದೇಹಕ್ಕೆ ಹೋಗುವ ಬಾಗಿಲು) ತೀರಾ ಕಿರಿದಾಗಿದ್ದರೆ ಹೃದಯಕ್ಕೆ ಹಾಗೆ ಮಾಡೋಕೆ ಆಗುವುದಿಲ್ಲ. ಅಂಥವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವ ಪೂರ್ಣ ಅರಿವಳಿಕೆ, ಇಲ್ಲವೇ ಬೆನ್ನಿಗೆ ಹಾಕಿದ ಸಣ್ಣ ಟ್ಯೂಬಿನಲ್ಲಿ ಸ್ವಲ್ಪ ಸ್ವಲ್ಪವೇ ಔಷಧಿ ಬಿಡುವ ವಿಧಾನವನ್ನು ಯೋಚಿಸುತ್ತಾರೆ. ಹಾಗಾಗಿ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ತೋರಿಸದೆ ಈ ನಿರ್ಧಾರ ಬೇಡ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಸೂಜಿ ಚುಚ್ಚಿದ ಕಡೆ ರಕ್ತ ಸೋರಿ ಬೆನ್ನುಹುರಿಯನ್ನು ಒತ್ತಬಹುದು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಮಾತ್ರೆಯನ್ನು ನೀವಾಗೇ ಸುಮ್ನೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಪೂರ್ಣ ಅರಿವಳಿಕೆ ಕೊಟ್ಟರೆ ವಯಸ್ಸಾದವರ ಬುದ್ಧಿ ಮಂಕಾಗುತ್ತೆ ಅಂತ ಹೆದರಿಸೋರು ಬಹಳ. ಅಮೆರಿಕ, ಕೆನಡಾದಲ್ಲಿ ಸೊಂಟದ ಮೂಳೆ ಮುರಿದ 1,600 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ರಿಗೇನ್ ಅಧ್ಯಯನದಲ್ಲಿ ಸ್ಪೈನಲ್ ಮತ್ತು ಪೂರ್ಣ ಅರಿವಳಿಕೆ, ಎರಡೂ ಗುಂಪಿನವರಲ್ಲಿ ಗೊಂದಲ, ಓಡಾಟ, ಸಾವು ಹೆಚ್ಚುಕಮ್ಮಿ ಒಂದೇ ಇತ್ತು. ಅದು ಮಂಡಿಯ ಆಪರೇಷನ್ ಅಲ್ಲ, ನಿಜ. ಆದರೂ ಅಷ್ಟು ಹೆದರಬೇಕಿಲ್ಲ.

ಯಾವುದೇ ಆಗಲಿ, ಜೊತೆಗೆ ತೊಡೆಯ ನರಕ್ಕೆ ಬ್ಲಾಕ್ (ಆ ನರವನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಡುತ್ತಾರಾ ಅಂತ ಕೇಳಿ. ಆಮೇಲಿನ ನೋವು ತಗ್ಗುತ್ತದೆ, ಬಲವಾದ ನೋವಿನ ಔಷಧಿಯೂ ಕಮ್ಮಿ ಸಾಕಾಗುತ್ತದೆ.