ರಿಪೇರಿಗೆ ಬಗ್ಗದ ಫ್ರಿಜ್

ಪ್ರಶ್ನೆ: ಬೆಂಗಳೂರಿನಲ್ಲಿ ₹38,000ಕ್ಕೆ ಕೊಂಡ ಫ್ರಿಜ್ ವಾರಂಟಿಯೊಳಗೇ ಕೈಕೊಟ್ಟಿದೆ. ಮೂರು ಸಲ ರಿಪೇರಿಯಾದರೂ ಅದೇ ಗತಿ. ಧಾರವಾಡದಲ್ಲೇ ದೂರು ಕೊಡಬಹುದೇ?

ಉತ್ತರ: ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರು ಸಲ್ಲಿಸಲು ಗಡುವು 2 ವರ್ಷ. ಅಂಗಡಿಯ ಜೊತೆ ತಯಾರಕರನ್ನೂ ಎದುರುದಾರರನ್ನಾಗಿ ಸೇರಿಸಿ. ಇಲ್ಲದಿದ್ದರೆ ಅಂಗಡಿಯವರು ಹೊಣೆಯನ್ನು ದೂರಿನಿಂದ ಹೊರಗಿರುವ ತಯಾರಕರ ಮೇಲೆ ಹಾಕಿ ಜಾರಿಕೊಳ್ಳುತ್ತಾರೆ.

ಇಂಥ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಪುರಾವೆಯಿಲ್ಲದೆ. ಕೆಟ್ಟಿದೆ ಎಂದಷ್ಟೇ ಹೇಳಿದರೆ ತಯಾರಿಕಾ ದೋಷ ಸಾಬೀತಾಗದು. ಬಿಲ್, ವಾರಂಟಿ ಕಾರ್ಡ್‌ಗಿಂತಲೂ ಪ್ರತಿ ರಿಪೇರಿಯ ಜಾಬ್ ಶೀಟ್ (ಏನು ಕೆಟ್ಟಿತ್ತು, ಏನು ಸರಿಮಾಡಿದರು ಎಂದು ಬರೆದುಕೊಡುವ ಚೀಟಿ) ಮುಖ್ಯ. ಮೆಕ್ಯಾನಿಕ್ ಬಾಯಿಮಾತಲ್ಲಿ ಹೇಳಿದ್ದನ್ನು ಅದರಲ್ಲಿ ಬರೆಸಿಯೇ ಸಹಿ ಹಾಕಿ. ಅಗತ್ಯವಿದ್ದರೆ ಪ್ರಯೋಗಾಲಯ ಪರೀಕ್ಷೆಗೆ ಆಯೋಗವನ್ನೇ ಕೋರಿ.