ಸ್ಟೆಂಟ್ ಹಾಕಿದ ಮೇಲೂ ಹೃದಯದಲ್ಲಿ ತೂತು ಹೇಗಾಯಿತು?

ಪ್ರಶ್ನೆ: ಅಪ್ಪನಿಗೆ 67 ವರ್ಷ. ರಾತ್ರಿ ಎದೆನೋವು ಬಂದಾಗ ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗಿದರು. ಮರುದಿನ ಸಂಜೆ ಆಸ್ಪತ್ರೆಗೆ ಸೇರಿಸಿದೆವು. ಹಾರ್ಟ್ ಅಟ್ಯಾಕ್ ಎಂದು ಸ್ಟೆಂಟ್ ಹಾಕಿದರು. ನಾಲ್ಕನೇ ದಿನ ಇದ್ದಕ್ಕಿದ್ದಂತೆ ಏದುಸಿರು ಬಂತು, ಬಿಪಿ ಇಳಿಯಿತು. ಹೃದಯದಲ್ಲಿ ತೂತಾಗಿದೆಯಂತೆ. ಅದು ಹುಟ್ಟಿನಿಂದ ಬರುವುದಲ್ವಾ? ಸ್ಟೆಂಟ್ ಚುಚ್ಚಿತೇ? ಆಪರೇಷನ್‌ಗೆ ಕೆಲವು ದಿನ ಕಾಯೋಣ ಅನ್ನುತ್ತಾರೆ, ಯಾಕೆ?
– ಓದುಗರು, ಹಾಸನ

ಉತ್ತರ: ಸ್ಟೆಂಟ್ ಕೂರುವುದು ಹೃದಯದ ಮೇಲ್ಗಡೆ ಹರಿಯುವ ರಕ್ತನಾಳದೊಳಗೆ. ತೂತಾಗಿರುವುದು ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ. ಇದು ಹುಟ್ಟಿನಿಂದ ಬಂದದ್ದೂ ಅಲ್ಲ. ಹಾರ್ಟ್ ಅಟ್ಯಾಕ್‌ನಲ್ಲಿ ನಾಳ ಕಟ್ಟಿಕೊಂಡು, ಸ್ಟೆಂಟ್ ಹಾಕುವ ಮೊದಲೇ ರಕ್ತ ಸಿಗದೆ ಆ ಗೋಡೆಯ ಒಂದು ಭಾಗ ಸತ್ತಿದೆ. ಸತ್ತ ಮಾಂಸ ಮೂರರಿಂದ ಐದು ದಿನದ ಹೊತ್ತಿಗೆ ತೀರಾ ಮೆತ್ತಗಾಗುತ್ತದೆ. ಹೃದಯವೇನೋ ಬಡಿಯುತ್ತಲೇ ಇರುತ್ತದೆ, ಒತ್ತಡಕ್ಕೆ ಗೋಡೆ ಅಲ್ಲಿ ಹರಿದು ತೂತಾಗುತ್ತದೆ. ಮೈಗೆ ಹೋಗಬೇಕಾದ ರಕ್ತ ಬಲಗಡೆಗೆ ನುಗ್ಗಿ ಶ್ವಾಸಕೋಶ ಸೇರುತ್ತದೆ. ಏದುಸಿರಿಗೆ ಅದೇ ಕಾರಣ.

ಇಂಥವರ ಎದೆಮೂಳೆಯ ಎಡಪಕ್ಕ ಅಂಗೈ ಇಟ್ಟರೆ ಎಷ್ಟೋ ಸಲ ಬೆಕ್ಕು ಗುರುಗುಟ್ಟಿದ ಹಾಗೆ ಅದುರುವುದು ತಿಳಿಯುತ್ತದೆ. ನಿನ್ನೆ ಇಲ್ಲದ ಸದ್ದು ಇವತ್ತು ಸ್ಟೆತಸ್ಕೋಪಿನಲ್ಲಿ ಕೇಳಿದರೆ ನಾವು ತಕ್ಷಣ ಎಕೋ (ಹೃದಯದ ಸ್ಕ್ಯಾನ್) ಮಾಡುತ್ತೇವೆ. ಕೆಲವರಲ್ಲಿ ಗೋಡೆಯ ಬದಲು ಕವಾಟವನ್ನು ಹಿಡಿದಿರುವ ಸ್ನಾಯು ಕಿತ್ತುಬರುತ್ತದೆ. ಹೊರಗೋಡೆಯೇ ಒಡೆದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಇವೆಲ್ಲ ಸೇರಿಸಿದರೂ ಈಗ ಹಾರ್ಟ್ ಅಟ್ಯಾಕ್ ಆದ 100 ಜನರಲ್ಲಿ ಒಬ್ಬರಿಗಿಂತ ಕಡಿಮೆ. ಚಿಕಿತ್ಸೆ ತಡವಾದವರಲ್ಲಿ ಜಾಸ್ತಿ. ಹಾಗಂತ ಸೋಡಾ ಕೊಟ್ಟವರು ಯಾರು ಅಂತ ಮನೆಯಲ್ಲಿ ಜಗಳ ಬೇಡ. ಆ ನೋವನ್ನು ಗ್ಯಾಸ್ ಅಂದುಕೊಳ್ಳದ ಮನೆ ಎಲ್ಲಿದೆ ಹೇಳಿ?

ಕಾಯುವುದು ಸುಮ್ನೆ ಅಲ್ಲ. ತೂತಿನ ಅಂಚು ಈಗ ನೆನೆದ ಕಾಗದದಂತಿದೆ, ಹೊಲಿಗೆ ಹಾಕಿದರೆ ದಾರವೇ ಹರಿದುಕೊಂಡು ಬರುತ್ತದೆ. ದಿನ ಕಳೆದಂತೆ ಅಂಚು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ತೊಡೆಸಂದಿನಿಂದ ಬಲೂನ್ ಪಂಪ್ ಹಾಕಿ ಹೃದಯದ ಭಾರ ಇಳಿಸುತ್ತಾರೆ. ಆದರೆ ಬಿಪಿ ಇಳಿಯುತ್ತಲೇ ಹೋದರೆ ಕಾಯಲಾಗದು. ಮುಚ್ಚುಮರೆ ಮಾಡುವುದಿಲ್ಲ, ಇದು ದೊಡ್ಡ ಆಪರೇಷನ್. ಆದವರಲ್ಲೂ 100ಕ್ಕೆ ಸುಮಾರು 40 ಮಂದಿ ಉಳಿಯುವುದಿಲ್ಲ. ಕೆಲವು ತೂತುಗಳನ್ನು ಎದೆ ಕೊಯ್ಯದೆ ನಾಳದ ಮೂಲಕವೇ ಮುಚ್ಚಬಹುದು, ಅದನ್ನೂ ವಿಚಾರಿಸಿ.

ಡಾಕ್ಟರು ರೌಂಡ್ಸ್‌ಗೆ ಬಂದಾಗ ಇನ್ನೊಂದು ಮಾತು ಕೇಳಿ: ಗಂಟೆಗೆ ಮೂತ್ರ ಎಷ್ಟು ಹೋಗುತ್ತಿದೆ? ಅದು ಕಡಿಮೆಯಾಗುತ್ತಾ ಬಂದರೆ ಕಿಡ್ನಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಆಗ ಆಪರೇಷನ್ ದಿನಾಂಕವನ್ನು ಮತ್ತೆ ಯೋಚಿಸಬೇಕಾಗುತ್ತದೆ.