ದೋಸೆ ‘ಹೇಳು’ತ್ತೇವೆ, ಆದೇಶಿಸುವುದಿಲ್ಲ

ಪ್ರಶ್ನೆ: ನಾನು ದಾವಣಗೆರೆಯ ಒಂದು ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ). ಪತ್ರ ಟೈಪ್ ಮಾಡುವಾಗ ಒಮ್ಮೆ ‘ಆದೇಶಿಸಿದೆ’, ಒಮ್ಮೆ ‘ಆದೇಶಿಸಲಾಗಿದೆ’, ಇನ್ನೊಮ್ಮೆ ‘ಸೂಚಿಸಿದೆ’ ಅಂತ ಹಾಕುತ್ತೇನೆ. ಮೊನ್ನೆ ‘ಎಲ್ಲ ಸಿಬ್ಬಂದಿಯು ಬೆಳಿಗ್ಗೆ 10 ಗಂಟೆಗೆ ಹಾಜರಿರಲು ಆಜ್ಞಾಪಿಸಿದೆ’ ಅಂತ ಬರೆದಿದ್ದಕ್ಕೆ ಮ್ಯಾನೇಜರ್ ಜೋರಾಗಿ ನಕ್ಕರು. ಎಲ್ಲದರ ಅರ್ಥ ಒಂದೇ ಅಲ್ವಾ? ಮೊಬೈಲಿನಲ್ಲಿ ಊಟ ತರಿಸಿದರೂ ‘ನಿಮ್ಮ ಆದೇಶ ಸ್ವೀಕರಿಸಲಾಗಿದೆ’ ಅಂತ ಬರುತ್ತದೆ. ಅದು ಸರಿಯಾದರೆ ನನ್ನದು ಯಾಕೆ ತಪ್ಪು?

ಉತ್ತರ: ಊಟದ ವಿಷಯ ಮೊದಲು ಮುಗಿಸೋಣ. ನಿಮ್ಮ ಊರಿನ ಹೋಟೆಲಿನಲ್ಲಿ ಯಾರಾದರೂ ‘ಎರಡು ಬೆಣ್ಣೆ ದೋಸೆ ಆದೇಶಿಸಿದ್ದೇನೆ’ ಅಂದದ್ದು ಕೇಳಿದ್ದೀರಾ? ‘ಎರಡು ಬೆಣ್ಣೆ ದೋಸೆ ಹೇಳಿದೀನಿ, ಕೂತ್ಕೊ’ ಅನ್ನುತ್ತೇವೆ. ಮದುವೆಗೆ ಗಾಡಿ ಹೇಳುತ್ತೇವೆ, ವಾಲಗದವರಿಗೆ ಹೇಳುತ್ತೇವೆ. ದೋಸೆಗೆ ಆದೇಶ ಕೊಡುವುದಕ್ಕೆ ನಾವೇನು ತಹಶೀಲ್ದಾರರೇ? ಇಂಗ್ಲಿಷಿನಲ್ಲಿ ದೋಸೆಗೂ ಕೋರ್ಟಿಗೂ ‘ಆರ್ಡರ್’ ಒಂದೇ ಮಾತು. ಯಂತ್ರ ಅದನ್ನು ಹಾಗೇ ಎತ್ತಿ ಕನ್ನಡಕ್ಕೆ ತಂದು ಹಾಕಿದೆ. ‘ನಿಮ್ಮ ಆರ್ಡರ್ ಬಂದಿದೆ’ ಅಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಈ ‘ಹೇಳು’ ಬಹಳ ಗಟ್ಟಿ ಪದ. ಮನೆಯಲ್ಲಿ ಆಜ್ಞೆ ನಡೆಯುವುದೆಲ್ಲ ಇದರಲ್ಲೇ. ‘ಹುಡುಗನಿಗೆ ಒಂದು ಕೆಲಸ ಹೇಳಿದೆ’ ಅಂದರೆ ಕೆಲಸದ ಕಥೆ ಹೇಳಿದೆ ಅಂತ ಅಲ್ಲ, ಮಾಡು ಅಂದೆ ಅಂತ. ಹೇಳುವುದಕ್ಕೆ ಜೋಡಿ ‘ಕೇಳು’. ‘ಅವನು ಮಾತು ಕೇಳಲ್ಲ’ ಅಂದರೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಗಿಲ್ಲ.

ಆದರೆ ‘ಹೇಳು’ವುದಕ್ಕೆ ಹುದ್ದೆ ಬೇಕಿಲ್ಲ. ‘ಆದೇಶಿಸು’ವುದಕ್ಕೆ ಬೇಕು. ಪದದ ಬೆನ್ನಿಗೆ ಒಂದು ಕುರ್ಚಿ, ಒಂದು ಕಾನೂನು, ಮೀರಿದರೆ ಒಂದು ಕ್ರಮ ಇರಬೇಕು. ನಿಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ‘ಭದ್ರಾ ನಾಲೆಗೆ ನೀರು ಬಿಡುವಂತೆ ರೈತರು…’ ಎಂಬ ಸುದ್ದಿಯ ಸಾಲು ಹೇಗೆ ಮುಗಿಯುತ್ತದೆ? ‘ಆಗ್ರಹಿಸಿದರು’ ಅಥವಾ ‘ಒತ್ತಾಯಿಸಿದರು’. ರೈತರ ಜಾಗದಲ್ಲಿ ಕೋರ್ಟ್ ಇದ್ದರೆ ‘ಆದೇಶಿಸಿತು’ ಅಥವಾ ‘ನಿರ್ದೇಶನ ನೀಡಿತು’. ಸಚಿವರಿದ್ದರೆ ‘ಸೂಚಿಸಿದರು’. ಅವರು ಸಭೆಯಲ್ಲಿ ಸಿಟ್ಟಾಗಿದ್ದರೆ ‘ತಾಕೀತು ಮಾಡಿದರು’. ‘ನೀರು ಬಿಡುವಂತೆ’ ಮಾತ್ರ ಎಲ್ಲ ಕಡೆ ಹಾಗೇ ಇದೆ. ಯಾರು ಮೇಲೆ, ಯಾರು ಕೆಳಗೆ ಅಂತ ಗೊತ್ತಾಗುವುದು ಕೊನೆಯ ಕ್ರಿಯಾಪದದಿಂದ. ರೈತರು ಎಷ್ಟು ಜೋರಾಗಿ ಕೂಗಿದರೂ ಅವರು ಆದೇಶಿಸಿದರು ಅಂತ ಯಾವ ವರದಿಗಾರನೂ ಬರೆಯುವುದಿಲ್ಲ.

‘ವಿಧಿಸು’ ಸ್ವಲ್ಪ ಬೇರೆ. ದಂಡ, ತೆರಿಗೆ, ಶಿಕ್ಷೆ, ಷರತ್ತು ಇವನ್ನು ವಿಧಿಸಬಹುದು. ಹೊರೆ ಇದ್ದಲ್ಲಿ ಮಾತ್ರ ಅದು ಕೂರುತ್ತದೆ. ‘ಹಾಜರಿರುವಂತೆ ವಿಧಿಸಿದರು’ ಅಂತ ಬರೆಯಬೇಡಿ.

ಈಗ ನಿಮ್ಮ ‘ಆಜ್ಞಾಪಿಸು’. ಮ್ಯಾನೇಜರ್ ನಕ್ಕಿದ್ದು ನನಗೆ ಅರ್ಥವಾಗುತ್ತದೆ. ಆ ಪದ ಕೇಳಿದರೆ ನಮಗೆಲ್ಲ ನಾಟಕದ ಕಿರೀಟ, ಕೆಂಪು ಪರದೆ, ‘ಆಜ್ಞಾಪಿಸಿ ಮಹಾಪ್ರಭು’ ಅನ್ನುವ ಸೇನಾಪತಿ ನೆನಪಾಗುತ್ತಾರೆ. ಕಂಪನಿ ನಾಟಕಗಳನ್ನು ನೋಡಿ ಬೆಳೆದ ದಾವಣಗೆರೆಯಲ್ಲಂತೂ ಜಾಸ್ತಿ. ಆದರೆ ನಗುವ ಮೊದಲು ಅವರನ್ನು ಒಮ್ಮೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಕರೆದುಕೊಂಡು ಹೋಗಿ. ಅಲ್ಲಿನ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಶಾಸನದ ಪ್ರತಿಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅದರಲ್ಲಿ ಎರಡೇ ಪದದ ಒಂದು ವಾಕ್ಯ ಬರುತ್ತದೆ: ‘ದೇವಾಣಂಪಿಯೇ ಆಣಪಯತಿ’. ದೇವರಿಗೆ ಪ್ರಿಯನಾದವನು, ಅಂದರೆ ಅಶೋಕ, ಆಜ್ಞಾಪಿಸುತ್ತಾನೆ. ನೀವು ಟೈಪ್ ಮಾಡಿದ ಕ್ರಿಯಾಪದವೇ, ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನದು, ನಿಮ್ಮ ಪಕ್ಕದ ಜಿಲ್ಲೆಯಲ್ಲೇ.

ನನಗೆ ಇನ್ನೂ ಇಷ್ಟವಾಗುವುದು ಆ ಶಾಸನದ ಶುರು. ಸುವರ್ಣಗಿರಿಯಿಂದ, ಆರ್ಯಪುತ್ರ (ಅಂದರೆ ರಾಜಕುಮಾರ) ಮತ್ತು ಮಹಾಮಾತ್ರರ (ಅಂದರೆ ಹಿರಿಯ ಅಧಿಕಾರಿಗಳ) ಮಾತಿನಂತೆ, ಇಸಿಲ ಎಂಬ ಊರಿನ ಮಹಾಮಾತ್ರರಿಗೆ. ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ವಿಷಯ ಹೇಳಬೇಕು. ‘ಇವರಿಂದ’, ‘ಇವರಿಗೆ’ ಅಂತ ನೀವು ದಿನಾ ಹಾಕುವ ಪತ್ರದ ಚೌಕಟ್ಟೇ ಅಲ್ವಾ ಇದು? ತಂದೆತಾಯಿಯ ಸೇವೆ ಮಾಡಬೇಕು, ನಿಜ ಹೇಳಬೇಕು ಎಂಬ ಆಜ್ಞೆಗಳೂ ಅದರಲ್ಲಿವೆ. ಕೊನೆಗೆ ಬರೆದವನ ಹೆಸರು ಕೂಡ ಇದೆ: ಚಪಡ ಎಂಬ ಲಿಪಿಕಾರ. ನಿಮ್ಮ ವೃತ್ತಿಯ ಹಿರಿಯ ಅಂದುಕೊಳ್ಳಿ.

ಸಂಸ್ಕೃತದ ‘ಆಜ್ಞಾ’ ಪ್ರಾಕೃತದಲ್ಲಿ ‘ಆಣಾ’ ಆಯಿತು, ಕನ್ನಡದಲ್ಲಿ ‘ಆಣೆ’ ಆಯಿತು. ‘ಆಣತಿ’ಯೂ ಅದೇ ಬಳ್ಳಿಯದು. ಈಗ ಆಣೆ ಅಂದರೆ ಪ್ರಮಾಣ. ‘ನಿನ್ನಾಣೆ, ನಾನು ತಗೊಂಡಿಲ್ಲ’ ಅನ್ನುವ ಹುಡುಗನಿಗೆ ತಾನು ಅಶೋಕನ ಪದ ಬಳಸುತ್ತಿದ್ದೇನೆ ಅಂತ ಗೊತ್ತಿರುವುದಿಲ್ಲ. ಸರ್ಕಾರಿ ಕನ್ನಡದಲ್ಲಿ ‘ಆಜ್ಞೆ’ ಹೆಸರಾಗಿ ಮಾತ್ರ ಉಳಿದಿದೆ: ನಿಷೇಧಾಜ್ಞೆ, ತಡೆಯಾಜ್ಞೆ, ಸುಗ್ರೀವಾಜ್ಞೆ. ಕೊನೆಯದು ನಮ್ಮ ಜನರ ತಮಾಷೆಯೂ ಹೌದು, ಜಾಣತನವೂ ಹೌದು. ಸೀತೆಯನ್ನು ಹುಡುಕಲು ಕಪಿಗಳಿಗೆ ಒಂದು ತಿಂಗಳ ಗಡುವು ಕೊಟ್ಟು, ತಪ್ಪಿದರೆ ತಲೆ ಹೋಗುತ್ತದೆ ಅಂದವನು ಸುಗ್ರೀವ. ಶಾಸನಸಭೆ ನಡೆಯದೇ ಇರುವಾಗ ರಾಜ್ಯಪಾಲರು ಹೊರಡಿಸುವ ಕಾನೂನಿಗೆ ಅವನ ಹೆಸರು ಅಂಟಿಕೊಂಡಿದೆ.

‘ಹುಕುಂ’ ಅರಬ್ಬಿಯಿಂದ ಬಂದದ್ದು. ಮಾತಿನಲ್ಲಿ ಅದಕ್ಕೀಗ ಮರ್ಯಾದೆ ಕಡಿಮೆ. ‘ಹುಕುಂ ಚಲಾಯಿಸ್ತಾನೆ’ ಅಂದರೆ ಬೈಗುಳವೇ. ಆದರೆ ಜಮೀನಿನ ಮಾತು ಬಂದರೆ ಗಂಭೀರವಾಗುತ್ತದೆ. ಬಗರ್ ಹುಕುಂ ಅಂದರೆ ‘ಹುಕುಂ ಇಲ್ಲದೆ’, ಅಂದರೆ ಅಪ್ಪಣೆ ಇಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿ. ಆ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಅಂತ ಫಾರಂ 50, 53, 57 ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಆ ‘ಬಗರ್’ನ ಭಾರ ಗೊತ್ತು.

ಮೇಲೆ ‘ಅಪ್ಪಣೆ’ ಅಂದೆ ನೋಡಿ. ಅದಕ್ಕೆ ಎರಡು ಮುಖ. ‘ಕಟ್ಟಪ್ಪಣೆ’ ಅಂದರೆ ಬಿಗಿಯಾದ ಆಜ್ಞೆ. ‘ಅಪ್ಪಣೆ ಕೊಡಿ, ಬರ್ತೀನಿ’ ಅಂದರೆ ಅನುಮತಿ. ಹೊಲದಲ್ಲಿ ಬೋರ್ ಕೊರೆಸಬೇಕೋ ಬೇಡವೋ ಅಂತ ದೇವರ ಮುಂದೆ ಕೂತಾಗ ಬಲಗಡೆ ಹೂವು ಬಿದ್ದರೆ ‘ಅಪ್ಪಣೆ ಆಯ್ತು’ ಅನ್ನುತ್ತಾರೆ. ಅದು ಆಜ್ಞೆಯೋ, ಅನುಮತಿಯೋ? ಎರಡೂ. ಇಂಥ ಮೆತ್ತನೆಯ ಗುಣ ‘ಆದೇಶ’ದಲ್ಲಿ ಸಿಗುವುದಿಲ್ಲ.

ಇನ್ನು ನಿಮ್ಮ ಮೇಜಿನ ಮೇಲಿನ ಸಮಸ್ಯೆ. ‘ಆದೇಶಿಸಿದೆ’ ಸರಿಯಾಗುವುದು ಕರ್ತೃ ‘ಸರ್ಕಾರವು’, ‘ನ್ಯಾಯಾಲಯವು’ ಅಂತಿದ್ದಾಗ. ಸರ್ಕಾರಿ ಆದೇಶದ ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತ ಇರುತ್ತದೆ, ನೋಡಿರುತ್ತೀರಿ. ಅಲ್ಲಿ ಯಾರ ಅಧಿಕಾರ ಅನ್ನುವುದು ಸ್ಪಷ್ಟ. ‘ಜಿಲ್ಲಾಧಿಕಾರಿಗಳು ಆದೇಶಿಸಿದೆ’ ಅಂದರೆ ವ್ಯಾಕರಣ ಕೆಟ್ಟಿತು, ‘ಆದೇಶಿಸಿದ್ದಾರೆ’ ಆಗಬೇಕು. ‘ಆದೇಶಿಸಲಾಗಿದೆ’ ತಪ್ಪಲ್ಲ, ಆದರೆ ಆದೇಶಿಸಿದವರು ಬಾಗಿಲ ಹಿಂದೆ ಅಡಗಿಕೊಳ್ಳುತ್ತಾರೆ. ನಾಳೆ ಯಾರಾದರೂ ‘ಯಾರು ಆದೇಶಿಸಿದ್ದು?’ ಅಂತ ಕೇಳಿದರೆ ಕಡತ ಹುಡುಕಬೇಕಾದವರು ನೀವು. ಅದಕ್ಕೇ ನನಗೆ ಆ ರೂಪ ಅಷ್ಟಾಗಿ ಹಿಡಿಸುವುದಿಲ್ಲ. ‘ಆದೇಶಿಸು’ ಮತ್ತು ‘ಆದೇಶ ಹೊರಡಿಸು’ ಕೂಡ ಒಂದೇ ಅಲ್ಲ. ಎರಡನೆಯದಕ್ಕೆ ಕಾಗದ, ಸಂಖ್ಯೆ, ದಿನಾಂಕ ಇರಬೇಕು.

ಅಂದಹಾಗೆ, ಶಾಲೆಯಲ್ಲಿ ಓದಿದ ‘ಆದೇಶ ಸಂಧಿ’ಯಲ್ಲಿ ಯಾರೂ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಅಲ್ಲಿ ಆದೇಶ ಅಂದರೆ ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬರುವುದು. ಮಳೆ ಮತ್ತು ಕಾಲ ಸೇರಿದಾಗ ಕಕಾರ ಎದ್ದು ಹೋಗಿ ಗಕಾರ ಬಂದು ‘ಮಳೆಗಾಲ’ ಆಗುತ್ತದೆ. ವರ್ಗಾವಣೆ ಆದೇಶ ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ನಿಮ್ಮ ಸುತ್ತೋಲೆಗೆ ಇಷ್ಟೆಲ್ಲ ಬೇಕಾಗಿಯೇ ಇರಲಿಲ್ಲ. ‘ಎಲ್ಲ ಸಿಬ್ಬಂದಿ ಬೆಳಿಗ್ಗೆ 10 ಗಂಟೆಗೆ ಹಾಜರಿರಬೇಕು’ ಅಂತ ಬರೆಯಿರಿ. ಆ ‘ಬೇಕು’ ಆಜ್ಞೆಯ ಕೆಲಸ ಮಾಡುತ್ತದೆ. ಕೆಳಗೆ ಸಾಹೇಬರ ಸಹಿ ಮತ್ತು ಪದನಾಮ ಇರಲಿ.